ಡಿವಿಡಿ ಚಿತ್ರಗಳನ್ನು ಕಿರಿದು ಮಾಡುವ ಸಾಫ್ಟ್‌ವೇರಿನ ಆಯ್ಕೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ದುಡಿಯಲು ಬಂದ ನಮ್ಮಂಥವರ ಟ್ರಂಕಿನಲ್ಲಿ ಬಟ್ಟೆಬರೆಗಳ ನಡುವೆ ನಾಲ್ಕಾರು ಡಿವಿಡಿಗಳು ಇದ್ದೇ ಇರುತ್ತವೆ. ತಂಗಿಯ ಮದುವೆ, ಊರಿನ ಜಾತ್ರೆ, ಸಂಘದ ರಾಜ್ಯೋತ್ಸವದ ನಾಟಕ, ಒಂದು ಇರುಳಿನ ಯಕ್ಷಗಾನ ಇವೆಲ್ಲ ಅವುಗಳಲ್ಲಿವೆ. ಅವುಗಳಲ್ಲಿ ಕಾಣುವ ಹಿರಿಯರಲ್ಲಿ ಕೆಲವರು ಈಗ ಇಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವಕ್ಕೆ ಡಿಸ್ಕು ಹಾಕುವ ಜಾಗವೇ ಇಲ್ಲ. ಸ್ಟುಡಿಯೋದವರು ಬರೆದು ಕೊಟ್ಟ ಡಿಸ್ಕಿನಲ್ಲಿ ಚಿತ್ರವು ಬಣ್ಣದ ಒಂದು ತೆಳು ಪದರದ ಮೇಲೆ ನಿಂತಿದೆ. ಬಿಸಿಲು, ಸೆಖೆ, ತೇವಗಳಿಂದ ಅದು ಕ್ರಮೇಣ ಕೆಡುತ್ತದೆ. ಆದುದರಿಂದ ಚಿತ್ರವನ್ನು ಕಿರಿದು ಮಾಡಿ ಫೋನಿಗೆ ತರುವುದು ಹೇಗೆ, ಅದಕ್ಕೆ ಯಾವ ಸಾಫ್ಟ್‌ವೇರು ಒಳ್ಳೆಯದು ಎಂಬ ಪ್ರಶ್ನೆ ಏಳುತ್ತದೆ. ನಾವು ಎಂಜಿನಿಯರರಲ್ಲ, ಗಿರಣಿಯ ಲೆಕ್ಕ ಬರೆಯುವವರು. ಆದರೂ ಇದು ಲೆಕ್ಕದ ಕಣ್ಣಿಗೆ ತಿಳಿಯದ ವಿಷಯವೇನಲ್ಲ.

ಮೊದಲು ಕಿರಿದು ಮಾಡುವುದೆಂದರೇನು ಎಂದು ನೋಡೋಣ. ನಮ್ಮ ದೇಶದ ಡಿವಿಡಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದೊಂದೂ 720 ಅಡ್ಡ, 576 ಉದ್ದದ ಚುಕ್ಕೆಗಳದು. ಅಷ್ಟನ್ನೂ ಇದ್ದಂತೆಯೇ ಬರೆದರೆ ಯಾವ ಡಿಸ್ಕೂ ಸಾಲದು. ಆದುದರಿಂದ ನಾವು ಖಾತೆಪುಸ್ತಕ ಬರೆಯುವ ಕ್ರಮವನ್ನೇ ಅದೂ ಅನುಸರಿಸುತ್ತದೆ. ಆರಂಭದ ಶಿಲ್ಕನ್ನು ಒಮ್ಮೆ ಪೂರ್ತಿ ಬರೆದು, ಆ ಮೇಲೆ ಜಮಾ ಖರ್ಚುಗಳನ್ನಷ್ಟೇ ಬರೆಯುತ್ತೇವಲ್ಲವೇ? ಹಾಗೆಯೇ ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದುದನ್ನು ಮಾತ್ರ ಬರೆಯುತ್ತಾರೆ. ಹಿಂದಿನ ಪರದೆ ಕದಲದಿದ್ದರೆ ಅದನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ಇದರ ಮೇಲೆ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರಗಳನ್ನು ಬಿಟ್ಟೇಬಿಡುತ್ತಾರೆ. ಹತ್ತಿಯನ್ನು ಒತ್ತಿ ಬೇಲು ಕಟ್ಟಿದರೆ ಬಿಚ್ಚಿದಾಗ ಹತ್ತಿ ಅಷ್ಟೂ ದೊರೆಯುತ್ತದೆ. ಇಲ್ಲಿ ಬಿಟ್ಟದ್ದು ಮರಳಿ ಬಾರದು.

ಡಿವಿಡಿಯಲ್ಲಿರುವ ಕ್ರಮಕ್ಕೆ ಎಂಪೆಗ್-2 ಎಂದು ಹೆಸರು. ಅದು 1990ರ ದಶಕದ್ದು. 2003ರಲ್ಲಿ ಎಚ್.264, 2013ರಲ್ಲಿ ಎಚ್.265, 2018ರಲ್ಲಿ ಎವಿ1 ಬಂದವು. ಹೊಸ ಕ್ರಮಗಳು ಅದೇ ಚಿತ್ರವನ್ನು ಕಡಮೆ ಜಾಗದಲ್ಲಿ ಹಿಡಿಸುತ್ತವೆ. ಲೆಕ್ಕ ನೋಡಿ: ಒಂದು ಪದರದ ಡಿವಿಡಿ 4.7 ಜಿಬಿ, ಅಂದರೆ 470 ಕೋಟಿ ಬೈಟು. ಎಂಟರಿಂದ ಗುಣಿಸಿದರೆ 3,760 ಕೋಟಿ ಬಿಟ್ಟು. ಎರಡು ಗಂಟೆಯ ಚಿತ್ರ ಡಿಸ್ಕನ್ನು ತುಂಬಿದ್ದರೆ, 7,200 ಸೆಕೆಂಡಿನಿಂದ ಭಾಗಿಸಿದಾಗ ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್ಟು ಬರುತ್ತದೆ. ಎಚ್.264ರಲ್ಲಿ ಧ್ವನಿಯೂ ಸೇರಿ 15 ಲಕ್ಷಕ್ಕೆ ಇಳಿಸಿದರೆ ಒಟ್ಟು 1.35 ಜಿಬಿ ಆಗುತ್ತದೆ. ಹತ್ತರಲ್ಲೊಂದು ಪಾಲು ಮಾಡಿಯೂ ಏನೂ ಕೆಡುವುದಿಲ್ಲವೆಂದು ಯಾರಾದರೂ ಜಾಹೀರಾತು ಕೊಟ್ಟರೆ, ಈ ಲೆಕ್ಕವನ್ನು ಮಾಡಿ ಆಮೇಲೆ ನಂಬಿರಿ.

ಇನ್ನು ಆಯ್ಕೆ. ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರುಗಳು ಬಹಳವುಂಟು. ನಮ್ಮ ಕೆಲಸಕ್ಕೆ ಅವು ಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ. 2003ರಲ್ಲಿ ಆರಂಭವಾದ ಹ್ಯಾಂಡ್‌ಬ್ರೇಕ್ ಎಂಬುದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರೊಳಗೆ ನಿಜವಾಗಿ ದುಡಿಯುವುದು ಎಕ್ಸ್264 ಮುಂತಾದ ಎಂಜಿನುಗಳು. 2000ದಲ್ಲಿ ಹುಟ್ಟಿದ ಎಫ್‌ಎಫ್‌ಎಂಪೆಗ್ ಕೂಡ ಉಚಿತವೇ. ಆದರೆ ಅದಕ್ಕೆ ಆಜ್ಞೆಗಳನ್ನು ಬರೆದು ಕೊಡಬೇಕು. ಹೊಸಬರಿಗೆ ಹ್ಯಾಂಡ್‌ಬ್ರೇಕ್ ಸುಲಭ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು.

ಯಾವುದನ್ನೇ ಆರಿಸಿರಿ, ಮೂರು ಅಂಶಗಳನ್ನು ನೋಡಬೇಕು.

ಒಂದು: ನಿಮ್ಮ ಫೋನು, ಊರಿನಲ್ಲಿ ತಾಯಿತಂದೆಯರ ಹಳೆಯ ಟಿವಿ, ಎರಡರಲ್ಲೂ ಫೈಲು ನಡೆಯಬೇಕು. ಎಚ್.265, ಎವಿ1 ಇನ್ನೂ ಕಿರಿದು ಮಾಡುವುದು ನಿಜ. ಆದರೆ ಹಳೆಯ ಯಂತ್ರಗಳಿಗೆ ಅವು ತಿಳಿಯದೆ ಹೋಗಬಹುದು. ಎಚ್.264 ಬಹುತೇಕ ಎಲ್ಲೆಡೆ ನಡೆಯುತ್ತದೆ.

ಎರಡು: ಫೈಲಿನ ಗಾತ್ರವನ್ನಲ್ಲದೆ ಚಿತ್ರದ ಗುಣವನ್ನು ಗೊತ್ತುಪಡಿಸುವ ಅನುಕೂಲ ಇರಬೇಕು. ಹ್ಯಾಂಡ್‌ಬ್ರೇಕಿನಲ್ಲಿ ಇದಕ್ಕೆ ಆರ್‌ಎಫ್ ಎಂಬ ಅಂಕಿಯುಂಟು. ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಡಿವಿಡಿಗೆ 18ರಿಂದ 22ರ ವರೆಗೆ ಇಡಬೇಕೆಂದು ಅದನ್ನು ಮಾಡಿದವರೇ ಸಲಹೆ ಕೊಟ್ಟಿದ್ದಾರೆ. ಕುಳಿತು ಹಾಡುವ ಕಚೇರಿಗೆ ಕಡಮೆ ಜಾಗ ಸಾಕು. ಯಕ್ಷಗಾನದ ಕುಣಿತಕ್ಕೆ ಹೆಚ್ಚು ಬೇಕು. ಗುಣವನ್ನು ಗೊತ್ತುಪಡಿಸಿದರೆ ಯಾವುದಕ್ಕೆ ಎಷ್ಟೆಂಬುದನ್ನು ಎಂಜಿನೇ ತೀರ್ಮಾನಿಸುತ್ತದೆ. ನಿಧಾನದ ಪ್ರಿಸೆಟ್ ಇಟ್ಟರೆ ಹೊತ್ತು ಹಿಡಿದರೂ ಕೆಲಸ ಹಸನಾಗುತ್ತದೆ; ರಾತ್ರಿ ಹಚ್ಚಿ ಮಲಗಬಹುದು.

ಮೂರು: ಡಿಇಂಟರ್‌ಲೇಸ್ ಸೌಲಭ್ಯ. ಹಳೆಯ ವಿಡಿಯೋ ಕ್ಯಾಮರಾಗಳು ಒಂದೊಂದು ಚಿತ್ರವನ್ನೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು. ಅದನ್ನು ಸರಿಪಡಿಸದೆ ಕಿರಿದು ಮಾಡಿದರೆ, ಕೈ ಬೀಸಿದಾಗೆಲ್ಲ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಕಾಣುತ್ತವೆ. ಆ ದೋಷ ಫೈಲಿನಲ್ಲಿ ಉಳಿದುಬಿಡುತ್ತದೆ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕುಗಳ ಮಾತು ಬೇರೆ. ಅವುಗಳಲ್ಲಿ ಹಲವಕ್ಕೆ ಬೀಗವಿರುತ್ತದೆ. ಹ್ಯಾಂಡ್‌ಬ್ರೇಕ್ ತಾನಾಗಿ ಆ ಬೀಗ ತೆರೆಯದು. ಹಕ್ಕುದಾರರ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಅಂಥ ಬೀಗ ಮುರಿಯುವುದನ್ನು 2012ರ ಕೃತಿಸ್ವಾಮ್ಯ ತಿದ್ದುಪಡಿ ಅಪರಾಧವೆಂದು ಸಾರಿದೆ. ನಾವು ಹೇಳುತ್ತಿರುವುದು ನಮ್ಮ ನಮ್ಮ ಮನೆಯ, ಸಂಘದ ಚಿತ್ರಗಳ ವಿಷಯ.

ಕೆಲಸದ ಕ್ರಮ ಇಷ್ಟೇ. ಯುಎಸ್‌ಬಿ ಡಿವಿಡಿ ಡ್ರೈವನ್ನು ಜೋಡಿಸಿ, ಡಿಸ್ಕಿನಲ್ಲಿರುವುದನ್ನೆಲ್ಲ ಮೊದಲು ಇದ್ದಂತೆಯೇ ಹಾರ್ಡ್‌ಡಿಸ್ಕಿಗೆ ನಕಲು ಮಾಡಿರಿ. ಬಳಿಕ ಹೆಚ್ಚು ಚಲನೆಯಿರುವ ಒಂದೇ ನಿಮಿಷದ ಭಾಗವನ್ನು ಕಿರಿದು ಮಾಡಿ, ನಿಮ್ಮ ಫೋನಿನಲ್ಲೂ ಟಿವಿಯಲ್ಲೂ ನೋಡಿರಿ. ಮುಖಗಳು ಮಸುಕಾಗಿಲ್ಲ, ಮಾತು ತುಟಿಗೆ ಹೊಂದಿದೆ ಎಂದಾದರೆ ಪೂರ್ತಿ ಚಿತ್ರಕ್ಕೆ ಕೈಹಾಕಿರಿ. ಸಾಫ್ಟ್‌ವೇರು ಯೋಗ್ಯವೇ ಅಲ್ಲವೇ ಎಂಬುದಕ್ಕೆ ಈ ಒಂದು ನಿಮಿಷಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಿರಿದಾದ ಫೈಲು ದಿನನಿತ್ಯ ನೋಡುವುದಕ್ಕೆ, ಊರಿಗೆ ಕಳಿಸುವುದಕ್ಕೆ. ಮೂಲದ ನಕಲನ್ನು ಅಳಿಸಬೇಡಿರಿ. ಇನ್ನೊಂದು ಹಾರ್ಡ್‌ಡಿಸ್ಕಿನಲ್ಲೂ ಅದನ್ನು ಇಡಿರಿ. ಮುಂದೆ ಇನ್ನೂ ಒಳ್ಳೆಯ ಕ್ರಮ ಬಂದಾಗ ಮತ್ತೆ ಕಿರಿದು ಮಾಡಲು ಬೇಕಾಗುವುದು ಆ ಮೂಲವೇ.