ಒಂದೇ ಬೆಂಕಿ, ಎರಡು ಅಡಿಗೆ
(ಮೀರಾ ಮೆಸಾದಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಡಾಕ್ಟರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಂದು ಹೆದರಿಸಿ ಹೋಳಿಗೆಯ ರುಚಿ ಕೆಡಿಸುತ್ತಾನೆ ಎಂಬ ಅಂಜಿಕೆ ನಿಮಗಿರಬಹುದು. ಇಂದು ಆ ಪಾಪ ಕಟ್ಟಿಕೊಳ್ಳುವುದಿಲ್ಲ. ನಮ್ಮ ಮಕ್ಕಳು ಓದುವ ಕಾಲೇಜುಗಳಿಗೆ ಬೆಳಕು, ಬಿಸಿನೀರು, ತಂಪು ಎಲ್ಲಿಂದ ಬರುತ್ತದೆ ಎಂಬುದೇ ನನ್ನ ವಿಷಯ. ವೈದ್ಯನಿಗೆ ಇದರ ಗೊಡವೆ ಏಕೆ? ಕರೆಂಟು ಹೋದರೆ ಮೊದಲು ನರಳುವವನು ರೋಗಿ, ಅದಕ್ಕೆ.

2011ರ ಸೆಪ್ಟೆಂಬರ್ 8, ಗುರುವಾರ ಮಧ್ಯಾಹ್ನ ಇಲ್ಲಿದ್ದವರಿಗೆ ನೆನಪಿರುತ್ತದೆ. ಅರಿಜೋನಾದ ಯೂಮಾ ಬಳಿ ಒಂದು ದೊಡ್ಡ ವಿದ್ಯುತ್ ಮಾರ್ಗ ಕಡಿದುಹೋಯಿತು. ಹನ್ನೊಂದೇ ನಿಮಿಷಗಳಲ್ಲಿ ಇಡೀ ಸ್ಯಾನ್ ಡಿಯೇಗೋ ಸೇರಿದಂತೆ ಸುಮಾರು 27 ಲಕ್ಷ ಗ್ರಾಹಕರಿಗೆ ವಿದ್ಯುತ್ತು ನಿಂತಿತು. ಸಿಗ್ನಲ್ ದೀಪಗಳಿಲ್ಲದೆ ರಸ್ತೆಗಳು ಕಟ್ಟಿಕೊಂಡವು. ದೂರದಲ್ಲಿ ಒಂದು ಕಡೆ ತಪ್ಪಿದ ತಾಳ ಇಷ್ಟು ದೊಡ್ಡ ಊರನ್ನೇ ಕತ್ತಲಲ್ಲಿ ಕೂರಿಸಿತು.

ಇದಕ್ಕೆ ಒಂದು ಉಪಾಯ ನಮ್ಮ ಅಜ್ಜಿಯರ ಅಡಿಗೆಮನೆಯಲ್ಲೇ ಇದೆ. ಒಂದು ಕಡೆ ಅನ್ನ ಬೇಯುತ್ತಿದ್ದಂತೆ ಅದೇ ಉರಿಯ ಝಳದಲ್ಲಿ ಪಕ್ಕದಲ್ಲಿ ಸಾರು ಬಿಸಿಯಾಗಿರುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯಲ್ಲೂ ಒಂದೇ ಉರಿಗೆ ಮೂರು ಪಾತ್ರೆ. ಸೌದೆ ಕಡಿಮೆ, ಹೊಗೆಯೂ ಕೊಳವೆಯಿಂದ ಹೊರಕ್ಕೆ. ನಮ್ಮ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ, ಆ ಹಬೆಯಿಂದ ಮೊದಲು ವಿದ್ಯುತ್ತು ತೆಗೆದು, ಉಳಿದ ಹಬೆಯಲ್ಲಿ ಕಬ್ಬಿನ ಹಾಲು ಕುದಿಸುವುದೂ ಇದೇ ಲೆಕ್ಕ. ಇದಕ್ಕೆ ಸಹ-ಉತ್ಪಾದನೆ, ಕೋಜನರೇಶನ್, ಎನ್ನುತ್ತಾರೆ.

ಸಾಧಾರಣ ಉಷ್ಣ ಸ್ಥಾವರದಲ್ಲಿ ಇಂಧನದ ಶಕ್ತಿಯಲ್ಲಿ ಮೂರನೆಯ ಒಂದು ಪಾಲು, ಹೆಚ್ಚೆಂದರೆ ಅರ್ಧ, ವಿದ್ಯುತ್ತಾಗುತ್ತದೆ. ಉಳಿದದ್ದು ಬಿಸಿಯಾಗಿ ಗಾಳಿಗೋ ನೀರಿಗೋ ಸಂದಾಯ. ಅಷ್ಟು ಬಿಸಿಯನ್ನು ಮೈಲುಗಟ್ಟಲೆ ದೂರ ಸಾಗಿಸುವುದು ಸುಲಭವಲ್ಲ. ಆದರೆ ಸ್ಥಾವರವೇ ಕಾಲೇಜಿನ ಅಂಗಳದಲ್ಲಿದ್ದರೆ? ಹಾಸ್ಟೆಲ್, ಪ್ರಯೋಗಾಲಯ, ಈಜುಕೊಳ ಎಲ್ಲಕ್ಕೂ ಬಿಸಿ ಬೇಕು, ಎಲ್ಲವೂ ಹತ್ತಿರ. ಆಗ ಇಂಧನದ ಮೂರರಲ್ಲಿ ಎರಡು ಪಾಲು, ಕೆಲವೆಡೆ ಅದಕ್ಕೂ ಹೆಚ್ಚು, ಉಪಯೋಗಕ್ಕೆ ಬರುತ್ತದೆ.

ಇಲ್ಲೇ ಪಕ್ಕದ ಲಾ ಹೋಯಾದ ಯು.ಸಿ. ಸ್ಯಾನ್ ಡಿಯೇಗೋ ಇದಕ್ಕೆ ಪ್ರಸಿದ್ಧ ಉದಾಹರಣೆ. 13.5 ಮೆಗಾವಾಟಿನ ಎರಡು ಗ್ಯಾಸ್ ಟರ್ಬೈನುಗಳು, ಅವುಗಳ ಬಿಸಿಯಿಂದ ನಡೆಯುವ 3 ಮೆಗಾವಾಟಿನ ಹಬೆ ಟರ್ಬೈನು, ಒಟ್ಟು 30 ಮೆಗಾವಾಟ್. 38 ಲಕ್ಷ ಗ್ಯಾಲನ್ ನೀರನ್ನು ರಾತ್ರಿ ತಂಪು ಮಾಡಿಟ್ಟು ಹಗಲಲ್ಲಿ ಕಟ್ಟಡಗಳನ್ನು ತಣಿಸುವ ತೊಟ್ಟಿಯೂ ಇದೆ. 2007ರ ಅಕ್ಟೋಬರಿನ ಕಾಳ್ಗಿಚ್ಚಿನಲ್ಲಿ ಊರಿನ ವಿದ್ಯುತ್ ಜಾಲ ತತ್ತರಿಸುತ್ತಿದ್ದಾಗ, ಹೊರಗಿನಿಂದ ಕೊಳ್ಳುತ್ತಿದ್ದ ಈ ವಿಶ್ವವಿದ್ಯಾಲಯ ತಿರುಗಿ ಜಾಲಕ್ಕೇ ವಿದ್ಯುತ್ತು ಕೊಟ್ಟಿತು.

ಆಸ್ಪತ್ರೆಯವನಾದ ನನ್ನನ್ನು ಹೆಚ್ಚು ಕಾಡುವುದು ನ್ಯೂಯಾರ್ಕಿನ ಸಂಗತಿ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ಸುತ್ತಲ ಬೀದಿಗಳು ಕತ್ತಲಾದರೂ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಾಷಿಂಗ್ಟನ್ ಸ್ಕ್ವೇರ್ ಆವರಣದ ಹಲವು ಕಟ್ಟಡಗಳಲ್ಲಿ ಸ್ವಂತ ಸ್ಥಾವರದಿಂದ ದೀಪ ಉರಿಯುತ್ತಿತ್ತು. ಅದೇ ವಿಶ್ವವಿದ್ಯಾಲಯದ ಲ್ಯಾಂಗೋನ್ ಆಸ್ಪತ್ರೆಯಲ್ಲಿ ನೆಲಮಾಳಿಗೆಗೆ ನೀರು ನುಗ್ಗಿ ಜನರೇಟರುಗಳು ಕೈಕೊಟ್ಟವು. ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ತೆರವು ಮಾಡಬೇಕಾಯಿತು. ಉಸಿರಾಟದ ಯಂತ್ರ ನಿಂತ ಎಳೆಗೂಸುಗಳಿಗೆ ಕೈಯಿಂದಲೇ ಗಾಳಿ ಒತ್ತುತ್ತಾ ದಾದಿಯರು ಮೆಟ್ಟಿಲಿಳಿದರು. ಆಮೇಲೆ ಆ ಆಸ್ಪತ್ರೆಯೂ ಸಹ-ಉತ್ಪಾದನಾ ಘಟಕ ಕಟ್ಟಿಕೊಂಡಿತು. ವರ್ಷಕ್ಕೊಮ್ಮೆ ಬೇಕಾಗುವ ಜನರೇಟರಿಗಿಂತ ದಿನವೂ ದುಡಿಯುವ ಯಂತ್ರದ ಲೋಪದೋಷ ಬೇಗ ತಿಳಿಯುತ್ತದೆ. ವ್ಯಾಯಾಮ ಮಾಡುವ ಹೃದಯದಂತೆ!

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಜಾಲ ಕುಸಿದಾಗ ತಕ್ಷಣ ಬೇರ್ಪಡುವ ಏರ್ಪಾಡಿಲ್ಲದಿದ್ದರೆ ಸ್ವಂತ ಸ್ಥಾವರವೂ ಜಾಲದೊಡನೆ ಮಲಗುತ್ತದೆ. ಮೇಲಾಗಿ ಉರಿಯುವುದು ನೈಸರ್ಗಿಕ ಅನಿಲ. ಹವಾಮಾನಕ್ಕೆ ಅದರ ಹೊಗೆಯೂ ಕೆಟ್ಟದ್ದೇ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ 2013ರಲ್ಲಿ, 2025ರೊಳಗೆ ಇಂಗಾಲದ ಲೆಕ್ಕ ಸರಿದೂಗಿಸುವೆನೆಂದು ಸಂಕಲ್ಪ ಮಾಡಿತ್ತು. 2023ರಲ್ಲಿ ಅದನ್ನು ಬದಲಿಸಿ, 2045ರೊಳಗೆ ಹೊಗೆಯನ್ನೇ ಶೇಕಡಾ 90ರಷ್ಟು ಇಳಿಸುವ ಗುರಿ ಇಟ್ಟುಕೊಂಡಿತು. ಹಾಗಾದರೆ ಈ ಟರ್ಬೈನುಗಳ ಗತಿ? ಅವುಗಳನ್ನು ಆರಿಸಿದರೆ ಕತ್ತಲಲ್ಲಿ ಕಾಯುವವರಾರು? ಈ ಸಭೆಯ ಹಿಂದಿನ ಸಾಲಿನಲ್ಲಿ ಪಿಸುಗುಟ್ಟುತ್ತಿರುವ ಮಕ್ಕಳು ಬಿಡಿಸಬೇಕಾದ ಒಗಟು ಇದು. ಸೂರ್ಯ, ಬ್ಯಾಟರಿ, ಹೀಟ್ ಪಂಪು ಏನೇ ಬರಲಿ, ಬಿಸಿಯನ್ನು ಬಿಸಾಡಬಾರದೆಂಬ ಅಜ್ಜಿಯ ಪಾಠ ಮಾತ್ರ ಹಳತಾಗದು.

ಕಾಲೇಜು ನೋಡಲು ಹೋದಾಗ ಫೀಸು, ರ‍್ಯಾಂಕಿಂಗ್ ಜೊತೆಗೆ "ಕರೆಂಟು ಹೋದರೆ ಇಲ್ಲಿ ಏನು ವ್ಯವಸ್ಥೆ?" ಎಂದೂ ಕೇಳಿ. ನಮ್ಮ ಮನೆಗಳಲ್ಲಿ ಟರ್ಬೈನು ಇಲ್ಲ, ಆದರೆ ಊರಿಂದ ಬಂದ ಅಪ್ಪ ಅಮ್ಮ ಇದ್ದಾರೆ. ಆಕ್ಸಿಜನ್ ಯಂತ್ರದಂಥ ಸಾಧನ ಬಳಸುವವರಿದ್ದರೆ ವಿದ್ಯುತ್ ಕಂಪನಿಯ 'ಮೆಡಿಕಲ್ ಬೇಸ್‌ಲೈನ್' ಯೋಜನೆಗೆ ಅರ್ಜಿ ಹಾಕಿ, ಬ್ಯಾಟರಿಯನ್ನೂ ಇಟ್ಟುಕೊಳ್ಳಿ. ಫ್ರಿಜ್ ನಿಂತಿತೆಂದು ಇನ್ಸುಲಿನ್ ಎಸೆಯಬೇಡಿ. 86 ಡಿಗ್ರಿ ಫ್ಯಾರನ್‌ಹೀಟ್ ಮೀರದಂತೆ ನೋಡಿಕೊಂಡರೆ ಸಾಮಾನ್ಯವಾಗಿ 28 ದಿನದವರೆಗೆ ಬಳಸಬಹುದು. ಮಂಜುಗಡ್ಡೆಗೆ ತಾಗಿಸಿಡಬೇಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ.

ಕೊನೆಗೂ ಒಂದಿಷ್ಟು ವೈದ್ಯಕೀಯ ಸೇರಿಸಿಯೇಬಿಟ್ಟೆ, ಕ್ಷಮಿಸಿ. ಇನ್ನು ಹೋಳಿಗೆ ಆರುವ ಮುನ್ನ ನನ್ನ ಮಾತು ಮುಗಿಸುತ್ತೇನೆ.

ಸಿರಿಗನ್ನಡಂ ಗೆಲ್ಗೆ!