ಪಂದ್ಯಕ್ಕೆ ಮುನ್ನಿನ ಅಂಜಿಕೆ



ದೊಡ್ಡ ಪಂದ್ಯಕ್ಕೆ ಇಳಿಯುವ ಆಟಗಾರನಿಗೆ ಹಿರಿಯರು ಸಾಮಾನ್ಯವಾಗಿ ಹೇಳುವ ಬುದ್ಧಿವಾದವೊಂದುಂಟು: “ಹೆದರಬೇಡ, ಮನಸ್ಸನ್ನು ಶಾಂತವಾಗಿಟ್ಟುಕೊ.” ಮಾತು ಹಿತವಾದುದೇ, ಆದರೆ ಅದು ಫಲಿಸುವುದು ವಿರಳ. ಏಕೆಂದರೆ ಎದೆಯ ಬಡಿತವು ನಮ್ಮ ಅಪ್ಪಣೆಗೆ ಒಳಪಟ್ಟುದಲ್ಲ. ಪರೀಕ್ಷೆಯ ಗಳಿಗೆ ಸಮೀಪಿಸಿದೊಡನೆ ಮೂತ್ರಪಿಂಡಗಳ ಮೇಲಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ದ್ರವ್ಯವು ಒಸರಿ ರಕ್ತದಲ್ಲಿ ಬೆರೆಯುತ್ತದೆ. ನಾಡಿ ಚುರುಕಾಗುತ್ತದೆ, ಅಂಗೈ ಬೆವರುತ್ತದೆ, ಬೆರಳು ನಡುಗುತ್ತದೆ. ಓಟಗಾರನಿಗೆ ಇದರಿಂದ ತುಸು ಸಹಾಯವೂ ಆದೀತು. ಅಲುಗದೆ ನಿಂತು ಗುರಿಯಿಡಬೇಕಾದವನಿಗಾದರೋ ಇದಕ್ಕಿಂತ ದೊಡ್ಡ ವಿಘ್ನ ಬೇರೊಂದಿಲ್ಲ.

ಹಾಗಾದರೆ ಉಪಾಯವೇನು? ಶ್ರೀ ಅಭಿನವ ಬಿಂದ್ರಾ ಅವರ ನಿದರ್ಶನವನ್ನು ನೋಡೋಣ. 2004ರ ಅಥೆನ್ಸ್ ಒಲಿಂಪಿಕ್ ಕೂಟದಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಅಂತಿಮ ಸುತ್ತನ್ನು ಮೂರನೆಯವರಾಗಿ ಹೊಕ್ಕ ಅವರು, ಏಳನೆಯವರಾಗಿ ಹೊರಬಂದರು. ಮುಂದಿನ ಕೂಟಕ್ಕೆ ಸಿದ್ಧರಾಗುವಾಗ ಅವರು ಭಯವನ್ನು ಓಡಿಸುವುದಕ್ಕಿಂತ ಅದರೊಡನೆ ಬಾಳುವುದನ್ನೇ ಅಭ್ಯಾಸ ಮಾಡಿದರೆನ್ನಬೇಕು. ಬೀಜಿಂಗಿನ ವಿಶಾಲವಾದ ಅಂಗಣವು ಅಪರಿಚಿತವೆನಿಸಬಾರದೆಂದು ಮದುವೆಯ ಛತ್ರವೊಂದನ್ನು ಬಾಡಿಗೆಗೆ ಹಿಡಿದು ಅಲ್ಲಿ ಗುರಿಯಿಟ್ಟರು. ಜರ್ಮನಿಯಲ್ಲಿ ಸುಮಾರು 40 ಅಡಿಯ ಕಂಬವನ್ನೇರಿದರು. ನಡುವೆ ಧೈರ್ಯಗುಂದಿದರೂ ತುದಿಯನ್ನು ಮುಟ್ಟದೆ ಇಳಿಯಲಿಲ್ಲ.

ಈ ಸಾಧನೆಯ ಬೆಲೆ 2008ನೆಯ ಆಗಸ್ಟ್ 11ರಂದು ತಿಳಿಯಿತು. ಅಂತಿಮ ಸುತ್ತಿಗೆ ಮುನ್ನ ಪರೀಕ್ಷಾರ್ಥವಾಗಿ ಹಾರಿಸಿದ ಗುಂಡು ನಡುಬಿಂದುವಿನಿಂದ ಬಹು ದೂರ ಬಿದ್ದಿತು. ಕೋವಿಯ ಗುರಿಯೇ ಕೆಟ್ಟಿತ್ತು. ಉಳಿದಿದ್ದ ಅಲ್ಪ ಕಾಲದಲ್ಲಿ ಅದನ್ನು ಸರಿಪಡಿಸಿಕೊಂಡು ಅವರು ಸ್ಪರ್ಧೆಗೆ ನಿಂತರು. ಕಡೆಯ ಗುಂಡಿನ ಹೊತ್ತಿಗೆ ಅವರೂ ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಅವರೂ ಸರಿಸಮನಾಗಿದ್ದರು. ಬಿಂದ್ರಾ ಅವರಿಗೆ ಬಂದುದು 10.8, ಎದುರಾಳಿಗೆ 9.7. ಒಂದು ಗುಂಡಿಗೆ ಪರಮಾವಧಿ 10.9 ಎಂಬುದನ್ನು ನೆನೆದರೆ ಆ ಗಳಿಗೆಯ ಹಿಡಿತವೆಂಥದೆಂದು ತಿಳಿದೀತು. ಒಲಿಂಪಿಕ್ ಕೂಟದಲ್ಲಿ ಭಾರತೀಯನೊಬ್ಬನು ಏಕಾಂಗಿಯಾಗಿ ಗಳಿಸಿದ ಮೊದಲ ಸುವರ್ಣಪದಕವಿದು.

ಎಲ್ಲರಿಗೂ ಛತ್ರವಾಗಲಿ ಕಂಬವಾಗಲಿ ದೊರೆಯದಿರಬಹುದು. ಆದರೆ ಇದರ ತತ್ತ್ವ ಎಲ್ಲರಿಗೂ ಸುಲಭವೇ. ನಾಲ್ಕು ಜನರ ಕಣ್ಣೆದುರಿಗೆ, ಗದ್ದಲದ ನಡುವೆ, ದಣಿದಾಗಲೂ ಆಡಿ ಕಲಿಯಬೇಕು. ಆಟಕ್ಕೆ ಮುನ್ನ ಪ್ರತಿಸಲವೂ ಒಂದೇ ಕ್ರಮವನ್ನನುಸರಿಸಿ, ಉಸಿರನ್ನು ನಿಧಾನವಾಗಿ ದೀರ್ಘವಾಗಿ ಹೊರಬಿಡಬೇಕು. ಹಾಗೆ ಬಿಡುವಾಗ ನಾಡಿಯ ವೇಗವೂ ತಗ್ಗುವುದು. ಫಲವನ್ನು ಬಿಟ್ಟು ಕೈಯಲ್ಲಿರುವ ಒಂದು ಗುಂಡನ್ನೋ ಒಂದು ಹೊಡೆತವನ್ನೋ ಮಾತ್ರ ಚಿಂತಿಸಬೇಕು.

ಮನೆಯ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ: ನಾಳೆ ಪಂದ್ಯವಿರುವ ಮಗುವಿಗೆ “ಗೆದ್ದು ಬಾ” ಎನ್ನುವ ಬದಲು “ಎದೆ ಹೊಡೆದುಕೊಳ್ಳುವುದು ಸಹಜ, ಕಲಿತಂತೆ ಆಡಿ ಬಾ” ಎನ್ನಿರಿ. ಅಂಜಿಕೆ ನಾಚಿಕೆಗೇಡಲ್ಲವೆಂದು ತಿಳಿದ ಮಗು ಅರ್ಧ ಭಾರವನ್ನು ಮನೆಯಲ್ಲಿಯೇ ಇಳಿಸಿ ಹೊರಡುತ್ತದೆ.