ಬಾವುಟ ನೇಯುವ ನಮ್ಮ ಸೀಮೆ



ನೌಕರಿ ಎಂದರೆ ಬೆಂಗಳೂರು ಎಂದು ಬಸ್ ಹತ್ತಿದವರು ನಾವು. ಬಿ.ಇ. ಮುಗಿಸಿ ನಾನೂ ಹಾಗೇ ಹೋದೆ. ಆದರೆ ಊರೂರು ಕೂಡಿ ಉದ್ಯೋಗ ಕಟ್ಟಿದ್ದನ್ನು ನೋಡಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಹಲವು ಖಾದಿ ಸಂಸ್ಥೆಗಳ ಕೂಟವದು. ರಾಷ್ಟ್ರಧ್ವಜದ ಬಟ್ಟೆಯನ್ನು ನಮ್ಮ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯುತ್ತಾರೆ. ಬಣ್ಣ, ಚಕ್ರದ ಅಚ್ಚು, ಹೊಲಿಗೆ ಎಲ್ಲ ಬೆಂಗೇರಿಯಲ್ಲಿ. ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಎಳೆ, ಬಣ್ಣ, ಅಳತೆ, ಯಾವುದು ತಪ್ಪಿದರೂ ಬಿ.ಐ.ಎಸ್. ಪರೀಕ್ಷೆಯಲ್ಲಿ ಬಾವುಟ ತಿರಸ್ಕಾರವಾಗುತ್ತದೆ. ನೂಲುವವರು ಎಡವಿದರೆ ಹೊಲಿಯುವವರ ಶ್ರಮವೂ ವ್ಯರ್ಥ. (ಟೀಮ್‌ವರ್ಕ್ ಎಂದು ನಮ್ಮ ಕಂಪನಿಗಳಲ್ಲಿ ತರಬೇತಿ ಕೊಡುವುದು ಇದನ್ನೇ!)

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಅದು ಅಗ್ಗ. ಖಾದಿಗೆ ಬೇಡಿಕೆ ಇಳಿದರೆ ಹೊಡೆತ ಬೆಂಗೇರಿಗಷ್ಟೇ ಅಲ್ಲ, ತುಳಸಿಗೇರಿಯ ಮಗ್ಗಕ್ಕೂ ಬೀಳುತ್ತದೆ.

ಮಾಡುವವರು ಕೂಡಿದ್ದಾರೆ, ಕೊಳ್ಳುವವರು ಕೂಡಿಲ್ಲ ಎಂಬುದೇ ನನ್ನ ತಕರಾರು. ಒಂದೊಂದು ಶಾಲೆ ಆಗಸ್ಟ್ ಬಂದಾಗ ಪೇಟೆಗೆ ಓಡಿ ಸಿಕ್ಕಿದ್ದನ್ನು ತರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ತಾಲ್ಲೂಕಿನ ಶಾಲೆ, ಪಂಚಾಯಿತಿ, ಸೊಸೈಟಿಗಳ ಬೇಡಿಕೆಯನ್ನು ಏಪ್ರಿಲ್‌ನಲ್ಲೇ ಒಟ್ಟುಮಾಡಿ ಬೆಂಗೇರಿಗೆ ಕಳಿಸಲಿ. ಮುಂಗಡವೂ ಜೊತೆಗೇ ಹೋಗಲಿ; ನೂಲು ಕೊಳ್ಳಲು ದುಡ್ಡು ಮೊದಲೇ ಬೇಕಲ್ಲ! ಪಟ್ಟಿ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಹೆಡ್‌ಮಾಸ್ತರರು ಬಾವುಟದ ಅಳತೆ ಬರೆದುಕೊಟ್ಟರೆ ಮೊದಲ ಹೆಸರು ನಮ್ಮ ಶಾಲೆಯದೇ.